ಒಂದೂ ತಪ್ಪಿಸದವರು

ಆಗಸ್ಟ್ 9

‘ತಲುಪಿದವನಿಗೆ ದಾರಿ ನೆನಪಿರುವುದಿಲ್ಲ.’ ಬೆಳಿಗ್ಗೆಯಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಹಿಂದಿನ ಸಾಲು ಯಾವುದು, ಮುಂದಿನದು ಯಾವುದು, ಬರೆದವರು ಯಾರು, ಒಂದೂ ನೆನಪಿಲ್ಲ. ಎಂ.ಎ. ಓದುವಾಗ ಎಲ್ಲೋ ಕಂಡಿರಬೇಕು. ಆಗ ತಲೆದೂಗಿದ್ದೆ. ಈಗ ಕೇಳಬೇಕೆನಿಸುತ್ತದೆ: ಯಾಕೆ ನೆನಪಿರುವುದಿಲ್ಲ? ತಲುಪಿದ ತಕ್ಷಣ ಮರೆವು ಬರುತ್ತದೆಯೇ? ಹಾಗಾದರೆ ಎಲ್ಲಿಗೂ ತಲುಪದ ನನ್ನಂಥವಳಿಗೆ ಎಲ್ಲವೂ ನೆನಪಿರಬೇಕಿತ್ತು. ಕೀ ಎಲ್ಲಿಟ್ಟೆ ಎಂಬುದೂ ನೆನಪಿರುವುದಿಲ್ಲ.

ಸಾಲು ಯಾಕೆ ಬಂತೆಂದು ಗೊತ್ತು. ಕೆಲಸ ಸಿಕ್ಕಿದೆ. ಇಷ್ಟು ವರ್ಷ ಬೇರೆಯವರ ಪುಸ್ತಕಗಳ ಕರಡು ತಿದ್ದಿದ ಪ್ರಕಾಶನ ಸಂಸ್ಥೆ ಮುಚ್ಚಿದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದೆ. ಈಗ ನಗರದ ಮ್ಯಾರಥಾನ್ ಸಮಿತಿಯವರು ಮೂವತ್ತನೆಯ ಓಟದ ನೆನಪಿಗೆ ಅದರ ಇತಿಹಾಸ ಬರೆಸುತ್ತಾರಂತೆ. ಫೋನಿನಲ್ಲಿ ‘ಪುಸ್ತಕ’ ಅನ್ನಲಿಲ್ಲ, ‘ಗ್ರಂಥ’ ಅಂದರು. ಮುಖಪುಟದ ಮೇಲೆ ನನ್ನ ಹೆಸರಿರುತ್ತದೆ. ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮನೆಯಲ್ಲಿ ಇವರಿಗೆ ಹೇಳಿದೆ. ಕನ್ನಡಕದ ಅಂಗಡಿ ಇಟ್ಟವರು. ಯಾವ ಮಾತನ್ನೂ ಒಂದು ಕಣ್ಣು ಮುಚ್ಚಿಯೇ ಪರೀಕ್ಷಿಸುತ್ತಾರೆ.

“ನೀನು ಬಸ್ಸಿಗೆ ಓಡಿದ್ದನ್ನೂ ನಾನು ನೋಡಿಲ್ಲ. ಓಟದ ಇತಿಹಾಸ ಬರೀತೀಯಾ?”

“ಯುದ್ಧದ ಇತಿಹಾಸ ಬರೆದೋರೆಲ್ಲ ಕತ್ತಿ ಹಿಡಿದಿದ್ರಾ?”

“ಅದಕ್ಕೇ ಅದು ಹಾಗಿದೆ,” ಅಂದರು.

ಅಡುಗೆಮನೆಯ ನಲ್ಲಿ ಸೋರುತ್ತಿದೆ.

ಆಗಸ್ಟ್ 14

ಸಮಿತಿಯ ಕಚೇರಿ ಒಂದು ಹಾಸಿಗೆ ಅಂಗಡಿಯ ಮಹಡಿಯಲ್ಲಿದೆ. ಅಧ್ಯಕ್ಷರು ಹಾಸಿಗೆ ಕಾರ್ಖಾನೆಯ ಮಾಲೀಕರು. ಊರನ್ನು ಮಲಗಿಸುವವರೇ ಊರನ್ನು ಓಡಿಸುತ್ತಿದ್ದಾರೆ. ಬಂದವರು ಕೂರಲು ಕುರ್ಚಿ ಇಲ್ಲ, ಮಾದರಿ ಹಾಸಿಗೆ ಇದೆ. ಕೂತರೆ ಮೊಣಕಾಲು ಗಲ್ಲಕ್ಕೆ ತಾಕುತ್ತದೆ. ಮರ್ಯಾದೆಯಾಗಿ ಏಳಲು ಸಾಧ್ಯವೇ ಇಲ್ಲ. ಈ ಕೋಣೆಯಲ್ಲಿ ಅಧ್ಯಕ್ಷರ ಜೊತೆ ವಾದ ಮಾಡಿ ಯಾರೂ ಗೆದ್ದಿರಲಾರರು.

ಮೊದಲ ಅಧ್ಯಾಯದ ಬಗ್ಗೆ ಮಾತಾಯಿತು. ಮ್ಯಾರಥಾನ್ ಯುದ್ಧದ ಸುದ್ದಿ ಹೊತ್ತು ಓಡಿ ಬಂದು, ಗೆದ್ದೆವು ಎಂದು ಹೇಳಿ ಸತ್ತವನಿಂದ ಶುರುಮಾಡುತ್ತೇನೆ ಅಂದೆ.

“ಸತ್ತ ಅನ್ನೋದು ಬೇಡ ಮೇಡಂ. ಮಲಗಿದ ಅನ್ನಿ,” ಅಂದರು ಅಧ್ಯಕ್ಷರು.

“ಅವನು ಸತ್ತದ್ದಕ್ಕೇ ಕಥೆ ಉಳಿದಿರೋದು ಸಾರ್.”

“ಮಲಗಿದ್ರೂ ಉಳಿಯುತ್ತೆ. ಒಳ್ಳೆ ಹಾಸಿಗೆ ಮೇಲೆ ಮಲಗಿದ್ರೆ ಇನ್ನೂ ಚೆನ್ನಾಗಿ ಉಳಿಯುತ್ತೆ.”

ತಮಾಷೆ ಅಂದುಕೊಂಡು ನಕ್ಕೆ. ಕಾರ್ಯದರ್ಶಿ ಬರೆದುಕೊಂಡರು.

ನಮ್ಮ ಊರಿನ ಮೊದಲ ಓಟದ ನಿಜವಾದ ಕಾರಣವನ್ನು ಕಾರ್ಯದರ್ಶಿಯೇ ಮೆಟ್ಟಿಲಲ್ಲಿ ಪಿಸುಗುಟ್ಟಿದರು. ಊರ ಸುತ್ತ ಹೊಸ ರಸ್ತೆ ಮಾಡಿದರಂತೆ. ಉದ್ಘಾಟನೆಯಾಗಿ ಆರು ತಿಂಗಳಾದರೂ ಒಂದು ವಾಹನ ಆ ಕಡೆ ತಲೆ ಹಾಕಲಿಲ್ಲ. ರಸ್ತೆ ಬಳಕೆಯಲ್ಲಿದೆ ಎಂದು ತೋರಿಸಲು ಜನರನ್ನು ಓಡಿಸಿದರು. ಇದಕ್ಕಿಂತ ಒಳ್ಳೆಯ ಆರಂಭ ಯಾವ ಗ್ರಂಥಕ್ಕಿದೆ? ಆದರೆ ಇದು ‘ಪರಂಪರೆ ಮತ್ತು ಸ್ಫೂರ್ತಿ’ ಅಧ್ಯಾಯಕ್ಕೆ ಹೊಂದುವುದಿಲ್ಲವಂತೆ.

ಒಂದು ಪಣ ತೊಟ್ಟಿದ್ದೇನೆ. ‘ಐತಿಹಾಸಿಕ’ ಎಂಬ ಪದವನ್ನು ಈ ಇತಿಹಾಸದಲ್ಲಿ ಎಲ್ಲಿಯೂ ಬಳಸುವುದಿಲ್ಲ.

ಆಗಸ್ಟ್ 27

ಎಲ್ಲ ಇಪ್ಪತ್ತೊಂಬತ್ತು ಓಟಗಳನ್ನೂ ಮುಗಿಸಿದವರು ಈಗ ಇಬ್ಬರೇ. ಸಮಿತಿಯ ಭಾಷೆಯಲ್ಲಿ ಇವರು ‘ಅಖಂಡರು’. ನನಗೆ ‘ಒಂದೂ ತಪ್ಪಿಸದವರು’ ಎಂಬುದೇ ಚೆನ್ನ ಅನಿಸುತ್ತದೆ. ಇವರಿಗೆ ಎದೆಯ ಮೇಲೆ ಹಸಿರು ಸಂಖ್ಯೆ, ಅದು ಸಾಯುವ ತನಕ ಬದಲಾಗುವುದಿಲ್ಲ. ಎಪ್ಪತ್ತು ದಾಟಿದವರಿಗೆ ಓಟದಲ್ಲಿ ಪ್ರವೇಶವಿಲ್ಲ, ಅಖಂಡರಿಗೆ ಮಾತ್ರ ವಿನಾಯಿತಿ.

ಒಬ್ಬರು ಅಧ್ಯಕ್ಷರು. ಇನ್ನೊಬ್ಬರು ನಮ್ಮ ಕೆಳಗಿನ ಮನೆಯ ಬ್ಯಾಂಡ್ ಮೇಷ್ಟ್ರು!

ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡು ಕಲಿಸಿ ನಿವೃತ್ತರಾದವರು, ಎಪ್ಪತ್ತೆರಡು ವರ್ಷ. ಬೆಲ್ ಒತ್ತಿದ್ದನ್ನು ನಾನು ಕಂಡಿಲ್ಲ. ಬೆರಳುಗಳಿಂದ ಬಾಗಿಲ ಮೇಲೆ ಡ್ರಮ್ ಬಾರಿಸುತ್ತಾರೆ. ಬಾಗಿಲು ತೆಗೆಯುವ ಮುನ್ನವೇ ಮೈಯಲ್ಲಿ ಒಂದು ಹೆಜ್ಜೆ ಏಳುತ್ತದೆ. ಬೆಳಿಗ್ಗೆ ಅವರು ಓಡುವುದನ್ನು ನೋಡಿದ್ದೆ. ಹಾಲು ತರಲು ಅವಸರದಲ್ಲಿ ಹೋಗುತ್ತಿದ್ದಾರೆ ಎಂದುಕೊಂಡಿದ್ದೆ.

ಇಂದು ಸಂಜೆ ಕರೆದು ಕೂರಿಸಿದೆ.

“ಓಡೋದು ಅಂತ ದೊಡ್ಡ ಮಾತಾಡ್ಬೇಡಮ್ಮ. ನಡಿಗೆಗಿಂತ ಸ್ವಲ್ಪ ಗಡಿಬಿಡಿ, ಅಷ್ಟೆ,” ಅಂದರು.

ಆದರೆ ಅವರಿಗೆ ಎಲ್ಲ ನೆನಪಿದೆ. ಯಾವ ತಿರುವಿನಲ್ಲಿ ಯಾವ ನಾಯಿ ಜೊತೆ ಬರುತ್ತದೆ, ಯಾವ ಮಹಡಿಯ ಹೆಂಗಸು ನೀರು ಎರಚುತ್ತಾಳೆ, ಯಾವ ವರ್ಷ ಆಸ್ಪತ್ರೆ ಮುಂದಿನ ಮರ ಕಡಿದರು. ಕೊನೆಯವರಾಗಿ ಬರುವವರಿಗೆ ದಾರಿಯೆಲ್ಲ ನೆನಪಿರುತ್ತದೆ. ಹಾಗಾದರೆ ನನ್ನ ಸಾಲು ನಿಜವೇ ಇರಬೇಕು.

ಹನ್ನೊಂದನೆಯ ಓಟದ ವಿಷಯ ಬಂತು. ಆ ವರ್ಷದ ಫಲಿತಾಂಶದಲ್ಲಿ ಅವರ ಹೆಸರಿಲ್ಲ. ಅದು ಎಲ್ಲರಿಗೂ ಗೊತ್ತು. ಯಾರೂ ಅದನ್ನು ದೊಡ್ಡದು ಮಾಡಿಲ್ಲ. ಅರ್ಧ ದಾರಿಯಲ್ಲಿ ಬೂಟಿನ ಅಟ್ಟೆ ಕಿತ್ತು ಬಂತಂತೆ. ಕುಂಟುತ್ತಾ ಬರುವಷ್ಟರಲ್ಲಿ ಗಡಿಯಾರ ಬಿಚ್ಚಿದ್ದರು, ಗಾಳಿ ತುಂಬಿದ ಕಮಾನು ನೆಲಕ್ಕೆ ಮಲಗಿತ್ತು, ಕಸ ಗುಡಿಸುತ್ತಿದ್ದರು. ನಿಂತಿದ್ದವರು ಅವರ ಹೆಂಡತಿ ಒಬ್ಬರೇ.

“ನಮ್ಮನೆಯೋಳು ಪ್ರತಿ ವರ್ಷ ಹೆಣಿಗೆ ಹಿಡ್ಕೊಂಡು ಅಲ್ಲಿ ಕೂರ್ತಿದ್ಲು. ಅವಳ ಗಡಿಯಾರದಲ್ಲಿ ನಾನು ಒಂದು ತೋಳಿನ ಓಟಗಾರ. ಸ್ವೆಟರಿನ ಒಂದು ತೋಳು ಮುಗಿಯೋ ಹೊತ್ತಿಗೆ ಬಂದುಬಿಡ್ತಿದ್ದೆ. ಆ ವರ್ಷ ಎರಡನೇ ತೋಳು ಅರ್ಧ ಆಗಿಹೋಗಿತ್ತು.”

“ಬೈದ್ರಾ?”

“ಬೈಯದೆ ಬಿಡ್ತಾಳಾ? ‘ಇನ್ನು ಸ್ವಲ್ಪ ತಡ ಮಾಡಿದ್ರೆ ಕುತ್ತಿಗೇನೇ ಬಿಗೀತಿದ್ದೆ’ ಅಂದ್ಲು. ಆಮೇಲೆ ನೋಡಿದ್ಲು, ಕಮಾನಿಲ್ಲ, ಗುರಿ ಮುಟ್ಟೋರು ಕಡಿಯೋ ಪಟ್ಟಿ ಇಲ್ಲ. ‘ಅಲ್ಲೇ ನಿಂತ್ಕೊಳ್ಳಿ, ಬರಬೇಡಿ’ ಅಂದ್ಲು. ಉಣ್ಣೆ ಉಂಡೆಯಿಂದ ಎಳೆ ಎಳೆದು ದೀಪದ ಕಂಬಕ್ಕೆ ಕಟ್ಟಿ, ಈ ಕಡೆ ತುದಿ ತಾನು ಹಿಡ್ಕೊಂಡ್ಲು. ‘ಈಗ ಬನ್ನಿ’ ಅಂದ್ಲು. ಹಳದಿ ಉಣ್ಣೆ. ಎದೆಯಿಂದ ಕಡಿದುಕೊಂಡು ಹೋದೆ.”

ಆ ಸ್ವೆಟರನ್ನು ಕೆಳಗಿನಿಂದ ತಂದು ತೋರಿಸಿದರು. ಎಡ ಮೊಣಕೈ ಹತ್ತಿರ ಒಂದು ಗಂಟು. ಕಡಿದ ಎಳೆಯನ್ನು ಆಕೆ ಬಿಸಾಡಲಿಲ್ಲ, ಗಂಟು ಹಾಕಿ ಹೆಣಿಗೆ ಮುಂದುವರಿಸಿದರು. ನಾಲ್ಕು ವರ್ಷದ ಹಿಂದೆ ಆಕೆ ತೀರಿಕೊಂಡರು.

ಮೇಷ್ಟ್ರು ಹೋದ ಮೇಲೂ ಆ ಗಂಟು ಬೆರಳ ತುದಿಯಲ್ಲಿದ್ದಂತೆ ಇತ್ತು. ಇಷ್ಟು ವರ್ಷ ಓದಿದ ಕವಿತೆಗಳಲ್ಲಿ ಇಂಥದ್ದೊಂದು ಗಂಟು ಸಿಕ್ಕಿರಲಿಲ್ಲ. ಇದು ಗ್ರಂಥದ ನಡುಮಧ್ಯೆ ಬರಬೇಕು. ಉಳಿದದ್ದೆಲ್ಲ ಇದರ ಸುತ್ತ ಹೆಣೆದುಕೊಳ್ಳಲಿ.

ಸೆಪ್ಟೆಂಬರ್ 5

ಅಧ್ಯಕ್ಷರ ಫಲಿತಾಂಶಗಳನ್ನು ನೋಡುತ್ತಾ ಕೂತೆ. ಓಟದ ಮೊದಲ ಅರ್ಧದಲ್ಲಿ ಅವರು ಮೇಷ್ಟ್ರ ಅಕ್ಕಪಕ್ಕದಲ್ಲೇ ಇರುತ್ತಾರೆ. ಎರಡನೆಯ ಅರ್ಧವನ್ನು ಹಲವು ವರ್ಷ ಆಯಾ ವರ್ಷ ಗೆದ್ದವನಿಗಿಂತ ಬೇಗ ಓಡಿದ್ದಾರೆ.

“ಅವರು ಎರಡನೇ ಅರ್ಧದ ಓಟಗಾರರು ಮೇಡಂ,” ಅಂದರು ಕಾರ್ಯದರ್ಶಿ, ಬಿಸ್ಕತ್ತು ಅದ್ದುತ್ತಾ.

“ಮಧ್ಯದಲ್ಲಿ ಕಾರೇನಾದ್ರೂ…”

“ಕಾರು ಇರುತ್ತೆ. ಸುರಕ್ಷತೆಗೆ. ಅವರ ಹಿಂದೇನೇ ಇರುತ್ತೆ.”

“ಹಿಂದೆ ಇರುತ್ತೋ, ಸುತ್ತಲೂ ಇರುತ್ತೋ?”

ಕಾರ್ಯದರ್ಶಿಯ ಬಿಸ್ಕತ್ತು ಟೀ ಒಳಗೆ ಬಿತ್ತು. ಮನೆಗೆ ಬಂದು ಇವರಿಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ದಿನದ ಮೇಲೆ ಹೀಗೆ ನಕ್ಕದ್ದು.

ಸೆಪ್ಟೆಂಬರ್ 18

ಮಾದರಿ ಹಾಸಿಗೆಯ ಮೇಲೆ ಕೂತು ಜಗಳವಾಡಿದೆ. ಆಡಿದೆ ಎಂದೇ ಹೇಳಬೇಕು, ಮೊಣಕಾಲು ಗಲ್ಲಕ್ಕೆ ತಾಕುತ್ತಿದ್ದರೂ.

ಅಧ್ಯಕ್ಷರಿಗೆ ಹೊಸ ಯೋಚನೆ ಬಂದಿದೆ: ಅಖಂಡರು ಇಬ್ಬರಿರುವುದು ಅಖಂಡಕ್ಕೇ ಕುಂದು. ಹನ್ನೊಂದನೆಯ ಓಟದ ಫಲಿತಾಂಶದಲ್ಲಿ ಮೇಷ್ಟ್ರು ಇಲ್ಲ. ಇಲ್ಲ ಅಂದ ಮೇಲೆ ಇಲ್ಲ.

“ಅವರು ತಲುಪಿದ್ದಾರೆ ಸಾರ್. ನೋಡಿದವರಿದ್ರು.”

“ಯಾರು?”

“ಅವರ ಹೆಂಡತಿ.”

“ಕರೆಸಿ.”

“ತೀರಿಕೊಂಡಿದ್ದಾರೆ.”

“ಛೆ ಛೆ,” ಅಂದರು ಅಧ್ಯಕ್ಷರು, ನಿಜಕ್ಕೂ ನೊಂದುಕೊಂಡು. “ಬೇರೆ ಸಾಕ್ಷಿ?”

“ಒಂದು ಸ್ವೆಟರ್ ಇದೆ.”

ಕಾರ್ಯದರ್ಶಿ ಪೆನ್ನು ಎತ್ತಿ, “ಸ್ವೆಟರ್‌ಗೆ ಎರಡು ಟ ಹಾಕ್ಬೇಕಾ ಮೇಡಂ?” ಅಂದರು.

ಮೇಷ್ಟ್ರನ್ನು ಕೈಬಿಟ್ಟರೆ ಅವರು ಈ ವರ್ಷ ಓಡುವಂತೆಯೇ ಇಲ್ಲ, ಎಪ್ಪತ್ತು ದಾಟಿದೆ ಎಂದೆ. ಗ್ರಂಥ ಬರೆಯುವವಳು ನಾನು, ಇದಕ್ಕೆ ಒಪ್ಪುವುದಿಲ್ಲ ಎಂದೂ ಅಂದೆ. ಅಧ್ಯಕ್ಷರು ಕೋಪ ಮಾಡಿಕೊಳ್ಳಲಿಲ್ಲ. ಯೋಚಿಸೋಣ ಅಂದರು. ಆಮೇಲೆ ನನ್ನ ಮುನ್ನುಡಿಯ ಕರಡು ತೆಗೆದು ಒಂದು ಸಾಲನ್ನು ಗಟ್ಟಿಯಾಗಿ ಓದಿದರು, ‘ತಲುಪಿದವನಿಗೆ ದಾರಿ ನೆನಪಿರುವುದಿಲ್ಲ.’ ಕಣ್ಣು ಮುಚ್ಚಿಕೊಂಡರು.

“ಎಂಥಾ ಸಾಲು ಮೇಡಂ! ನೀವು ಇಷ್ಟು ದಿನ ಎಲ್ಲಿದ್ರಿ?”

ಕರಡು ತಿದ್ದುವವಳಿಗೆ ಯಾರೂ ಹೀಗೆ ಕೇಳುವುದಿಲ್ಲ. ಸಾಲು ನನ್ನದಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹಾಸಿಗೆಯಿಂದ ಏಳುವ ಗಡಿಬಿಡಿಯಲ್ಲಿ ಮರೆತುಹೋಯಿತು.

ಸೆಪ್ಟೆಂಬರ್ 29

ಮುಖ್ಯ ವೃತ್ತದ ಜಾಹೀರಾತು ಫಲಕದಲ್ಲಿ ಸಾಲು ಬಂದಿದೆ! ಮೂರು ಮಹಡಿಯಷ್ಟು ಎತ್ತರ. ಸ್ವಲ್ಪ ಬದಲಿಸಬೇಕಾಯಿತು, ‘ಇರುವುದಿಲ್ಲ’ ಎಂದರೆ ಜನ ಕುಗ್ಗುತ್ತಾರಂತೆ. ‘ತಲುಪುವವನಿಗೆ ದಾರಿಯೇ ಗೆಲುವು.’ ಕೆಳಗೆ ಅಧ್ಯಕ್ಷರ ಹೆಸರು, ಅವರ ಚಿತ್ರ. ಹಾಸಿಗೆಯ ಚಿತ್ರ ಚಿಕ್ಕದಾಗಿಯೇ ಇದೆ.

ಇವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

“ಇದು ನೀನು ಹೇಳ್ತಿದ್ದ ಸಾಲಲ್ವಾ?”

“ಯಾರ ಸಾಲಾದ್ರೇನು, ಜನ ಓದ್ತಿದ್ದಾರಲ್ಲ.”

“ಓದ್ತಿದ್ದಾರೆ. ಸಿಗ್ನಲ್ ಕೆಂಪಾದಾಗ.”

ಇವರಿಗೆ ದೂರದ್ದು ಎಂದೂ ಸರಿಯಾಗಿ ಕಂಡಿಲ್ಲ.

ಅಕ್ಟೋಬರ್ 11

ಒಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಗ್ರಂಥ ಮುಗಿದ ಮೇಲೆ ನನ್ನ ಕವಿತೆಗಳ ಸಂಕಲನವನ್ನು ಸಮಿತಿಯೇ ಹೊರತರುತ್ತದಂತೆ. ಅಧ್ಯಕ್ಷರು ತಾವಾಗಿಯೇ ಹೇಳಿದರು. ಕಪಾಟಿನ ಅಡಿಯಲ್ಲಿದ್ದ ಹಾಳೆಗಳನ್ನು ತೆಗೆದು ಧೂಳು ಕೊಡವಿದೆ. ಕೆಲವು ಈಗಲೂ ಚೆನ್ನಾಗಿವೆ.

ಹನ್ನೊಂದನೆಯ ಓಟದ ಅಧ್ಯಾಯ ಬರೆದು ಮುಗಿಸಿದೆ. ಮೇಷ್ಟ್ರ ಬಗ್ಗೆ ಒಂದು ಸಾಲು ಹೊಳೆಯಿತು: ‘ಬಹುತೇಕ ಎಲ್ಲ ಓಟಗಳಲ್ಲೂ ಭಾಗವಹಿಸಿದ ಹಿರಿಯ ಚೇತನಗಳೂ ನಮ್ಮ ನಡುವೆ ಇವೆ.’ ಯಾರಿಗೂ ನೋವಾಗದ ಸಾಲು. ಒಂದು ‘ಬಹುತೇಕ’ ಎಷ್ಟು ಭಾರವನ್ನು ಎಷ್ಟು ಹಗುರವಾಗಿ ಹೊರುತ್ತದೆ! ಕವಿತೆ ಓದಿದ್ದು ಹೀಗೆ ಉಪಯೋಗಕ್ಕೆ ಬಂತು.

ಅಕ್ಟೋಬರ್ 20

ಬಾಗಿಲ ಮೇಲೆ ಡ್ರಮ್. ಕಾರ್ಯದರ್ಶಿ ಅವರಿಗೆ ಫೋನ್ ಮಾಡಿ ಹಸಿರು ಸಂಖ್ಯೆ ವಾಪಸ್ ಕೊಡಲು ಹೇಳಿದ್ದಾರೆ.

“ಏನೋ ತಪ್ಪಾಗಿದೆ ಕಣಮ್ಮ. ನೀನು ಅಲ್ಲೇ ಇದ್ದೀಯಲ್ಲ, ಒಂದು ಮಾತು ಹೇಳು. ಗೆಲ್ಲೋಕಲ್ಲ. ಈ ಒಂದು ಸಲ ಓಡಿಬಿಟ್ರೆ ಮೂವತ್ತಾಗುತ್ತೆ. ನಮ್ಮನೆಯೋಳಿಗೆ ಮಾತು ಕೊಟ್ಟಿದ್ದೆ.”

ನಿಯಮಾವಳಿಯನ್ನು ತಾಳ್ಮೆಯಿಂದ ವಿವರಿಸಿದೆ. ಫಲಿತಾಂಶ ಎಂದರೆ ದಾಖಲೆ; ದಾಖಲೆಯಲ್ಲಿ ಇಲ್ಲದ್ದನ್ನು ಸೇರಿಸುತ್ತಾ ಹೋದರೆ ಇತಿಹಾಸಕ್ಕೆ ಅರ್ಥವಿಲ್ಲ; ನಿಯಮ ಎಲ್ಲರಿಗೂ ಒಂದೇ.

“ಎಲ್ಲರಿಗೂ ಒಂದೇನಾ?” ಅಂದರು. ಅಷ್ಟೇ ಕೇಳಿದ್ದು. ಮೆಟ್ಟಿಲಿಳಿದು ಹೋದರು. ವಯಸ್ಸಾದವರಿಗೆ ಮನವರಿಕೆ ಮಾಡಿಕೊಡುವುದು ಕಷ್ಟ.

ಇವರು ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಅಂಗಡಿಯಲ್ಲಿ ಏನೋ ತೊಂದರೆ ಇರಬೇಕು.

ನವೆಂಬರ್ 3

‘ಸಂಸಾರ ಮತ್ತು ಓಟ’ ಅಧ್ಯಾಯ ಒಣಗಿದ ರೊಟ್ಟಿಯಂತಿತ್ತು. ಅಧ್ಯಕ್ಷರು ಎರಡು ಸಲ ವಾಪಸ್ ಕಳಿಸಿದರು. “ಕಣ್ಣೀರು ಬರಬೇಕು ಮೇಡಂ. ನಮ್ಮ ಮನೆಯವರ ತ್ಯಾಗ ಎಲ್ಲೂ ಬಂದಿಲ್ಲ.”

ಮೂರು ದಿನ ಕೂತೆ. ಏನು ಬರೆದರೂ ಆ ಹಳದಿ ಉಣ್ಣೆಯೇ ಕಣ್ಣ ಮುಂದೆ ಬರುತ್ತಿತ್ತು. ಆಮೇಲೆ ಅನಿಸಿತು: ಬರಲಿ, ಬೇಡ ಎನ್ನಲು ನಾನು ಯಾರು? ಮೇಷ್ಟ್ರು ಹೇಗೂ ಗ್ರಂಥದಲ್ಲಿಲ್ಲ, ದಾರವಾದರೂ ಉಳಿಯಲಿ. ಕಾವ್ಯದಲ್ಲಿ ಇದು ಹೊಸದಲ್ಲ. ಭಾವ ಮುಖ್ಯ, ಯಾರ ಕೈಯಲ್ಲಿ ದಾರವಿತ್ತು ಎಂಬುದಲ್ಲ. ಸಮಿತಿಗೆ ಪಟ್ಟಿ ಕೊಳ್ಳಲೂ ಗತಿಯಿಲ್ಲದ ಆರಂಭದ ವರ್ಷಗಳು, ಬಿಕೋ ಎನ್ನುವ ರಸ್ತೆ, ದೀಪದ ಕಂಬ, ಹೆಣಿಗೆ ಹಿಡಿದು ಕಾದ ಯುವ ಪತ್ನಿ. ಒಂದೇ ಉಸಿರಿಗೆ ಬರೆದೆ.

ಅಧ್ಯಕ್ಷರ ಮನೆಗೆ ಹೋಗಿ ಅವರ ಹೆಂಡತಿಗೆ ಓದಿ ಹೇಳಿದೆ. ಕರವಸ್ತ್ರ ತೆಗೆದರು.

“ನಾನು ಹೆಣೀತಿದ್ನಾ?”

“ಹಾಗಂತ ನೆನಪಿಸಿಕೊಳ್ತಾರೆ,” ಅಂದೆ.

“ಯಾವ ಬಣ್ಣ ಅಂದ್ರಿ?”

“ಹಳದಿ.”

“ಹಾಂ, ಹಳದಿಯೇ,” ಅಂದರು. “ನನಗೆ ಮೊದಲಿಂದಲೂ ಹಳದಿ ಅಂದ್ರೆ ಇಷ್ಟ.” ಸಂಜೆಯ ಹೊತ್ತಿಗೆ ಉಣ್ಣೆ ಕೊಂಡ ಅಂಗಡಿಯೂ ಅವರಿಗೆ ನೆನಪಾಗಿತ್ತು.

ನವೆಂಬರ್ 15

ಗ್ರಂಥ ಅಚ್ಚಿಗೆ ಹೋಯಿತು. ಮನೆಯಲ್ಲಿ ಬಹುಕಾಲದಿಂದ ಬಾಕಿಯಿದ್ದ ನಲ್ಲಿ ದುರಸ್ತಿ ಕಾರ್ಯವೂ ಇವರ ನೇತೃತ್ವದಲ್ಲಿ ಯಶಸ್ವಿಯಾಗಿ ಪೂರ್ಣಗೊಂಡಿತು. ಒಂದು ಐತಿಹಾಸಿಕ ದಿನ.

ಮೇಷ್ಟ್ರು ಈಚೆಗೆ ಮೇಲೆ ಬಂದಿಲ್ಲ. ಬೆಳಿಗ್ಗೆ ಓಡುವುದನ್ನು ಮಾತ್ರ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ಬೇಕೇ?

ಡಿಸೆಂಬರ್ 2

ಓಟದ ದಿನ. ವೇದಿಕೆಯ ಮೇಲೆ ಎರಡನೆಯ ಸಾಲಿನಲ್ಲಿ ನನಗೆ ಆಸನ. ಗ್ರಂಥ ಬಿಡುಗಡೆಯಾಯಿತು. ಕಾರ್ಯದರ್ಶಿಗೆ ಅದನ್ನು ಒಂದು ಕೈಯಲ್ಲಿ ಎತ್ತಲು ಆಗಲಿಲ್ಲ; ತೂಕ ಬಂದಿದೆ. ಮುಖಪುಟದ ಮೇಲೆ ಹೆಸರಿಗೆ ಜಾಗ ಸಾಲಲಿಲ್ಲವಂತೆ, ಒಳಗೆ ‘ಅಕ್ಷರ ಸಹಕಾರ’ ಎಂದು ಹಾಕಿದ್ದಾರೆ. ಸಮಿತಿಯ ಕಷ್ಟವೂ ಅರ್ಥವಾಗುತ್ತದೆ.

ಅಧ್ಯಕ್ಷರು ಮೂವತ್ತನೆಯ ಓಟವನ್ನೂ ಮುಗಿಸಿದರು. ಎರಡನೆಯ ಅರ್ಧ ಈ ಸಲವೂ ಅದ್ಭುತ. ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಮನೋಬಲ ಎಂದರೆ ಇದೇ. ಹೆಂಡತಿ ಹಳದಿ ಉಣ್ಣೆಯನ್ನು ಹಿಡಿದು ನಿಂತಿದ್ದರು. ಅಧ್ಯಕ್ಷರು ಅದನ್ನು ಕಡಿದಾಗ ಚಪ್ಪಾಳೆ ಆಕಾಶ ಮುಟ್ಟಿತು. ನನ್ನ ಪಕ್ಕದಲ್ಲಿದ್ದವರು ಅತ್ತರು. ನಾನೂ.

ಇವರು ಗ್ರಂಥ ಬಿಡುಗಡೆಗೆ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಬಟ್ಟೆ ಧೂಳಾಗಿತ್ತು.

“ಎಲ್ಲಿ ಹೋಗಿದ್ರಿ?”

“ಮೇಷ್ಟ್ರ ಜೊತೆ ಇದ್ದೆ.”

“ಅವರು ಓಡೋ ಹಾಗಿಲ್ಲವಲ್ಲ.”

“ರಸ್ತೆ ಮೇಲೆ ಓಡೋ ಹಾಗಿಲ್ಲ,” ಅಂದರು. “ಫುಟ್‌ಪಾತಿಗೆ ನಿಮ್ಮ ಸಮಿತಿ ಇನ್ನೂ ನಿಯಮ ಮಾಡಿಲ್ಲ.”

ಗ್ರಂಥ ತೋರಿಸಿದೆ. ನಾಳೆ ನೋಡ್ತೀನಿ ಅಂದು ಕನ್ನಡಕ ತೆಗೆದಿಟ್ಟರು.

ಡಿಸೆಂಬರ್ 4

ಬಟ್ಟೆ ಒಗೆಯಲು ಹಾಕುವಾಗ ಇವರ ಪ್ಯಾಂಟಿನ ಜೇಬಿನಲ್ಲಿ ದಾರದ ತುಂಡು ಸಿಕ್ಕಿತು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ದಾರ. ಹರಿದುಹೋಗಿದೆ. ಬಿಸಾಡಲು ಹೋದರೆ, “ಇರಲಿ ಬಿಡು,” ಎಂದು ಇಸಿದುಕೊಂಡರು. ಹರಿದ ದಾರ ಯಾತಕ್ಕೋ.

ಕವಿತೆಗಳ ಬಗ್ಗೆ ವಿಚಾರಿಸಲು ಕಚೇರಿಗೆ ಫೋನ್ ಮಾಡಿದೆ. ಅಧ್ಯಕ್ಷರು ವಿಶ್ರಾಂತಿಯಲ್ಲಿದ್ದಾರೆ.

ಡಿಸೆಂಬರ್ 9

ಇಂದೂ ವಿಶ್ರಾಂತಿಯಲ್ಲಿದ್ದಾರೆ.

ಬೆಳಿಗ್ಗೆ ಕವಿತೆಯ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಆ ಸಾಲು ಮೊದಲು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ‘ದಾರಿಯೇ ಗೆಲುವು’ ಎಂಬುದೇ ಬಾಯಿಗೆ ಬರುತ್ತಿದೆ; ಅದರ ಹಿಂದೆ ಬೇರೆ ಏನೋ ಇತ್ತು.

ಬೆಲ್ ಆಯಿತು. ಇಸ್ತ್ರಿಯವನೆಂದು ಬಾಗಿಲು ತೆಗೆದೆ. ಮೇಷ್ಟ್ರು! ಬೆಲ್ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ಅಪರಿಚಿತರ ಮನೆಗೆ ಬಂದವರ ಹಾಗೆ ನಿಂತಿದ್ದರು. ಮೈಮೇಲೆ ಆ ಸ್ವೆಟರ್. ಎರಡೂ ಕೈಯಲ್ಲಿ ಗ್ರಂಥ.

“ಗ್ರಂಥಾಲಯದಿಂದ ತಂದೆ,” ಅಂದರು. “ಪೂರ್ತಿ ಓದಿದೆ.”

“ಒಳಗೆ ಬನ್ನಿ ಮೇಷ್ಟ್ರೇ.”

ಬರಲಿಲ್ಲ. ಗ್ರಂಥವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಅವರ ಬೆರಳು ಮೊಣಕೈ ಹತ್ತಿರ ಆ ಗಂಟನ್ನು ತಡವುತ್ತಿತ್ತು.

“ಬಹಳ ಚೆನ್ನಾಗಿ ಬರ್ದಿದೀಯಮ್ಮ,” ಅಂದರು. “ಓದ್ತಾ ಓದ್ತಾ ನನಗೇ ಅನುಮಾನ ಬಂತು, ಆವತ್ತು ಅಲ್ಲಿ ದಾರ ಹಿಡ್ಕೊಂಡು ನಿಂತಿದ್ದೋಳು ನಮ್ಮನೆಯೋಳೇನಾ ಅಂತ.”